ಶಿಲ್ಪಿಯ ಹೆಸರು, ನಿರ್ದೇಶಕರ ನೋಟ



ಅರಸೀಕೆರೆಯಲ್ಲಿ ರೈಲಿಳಿದು ಬರುವ ನೆಂಟರಿಗೆ ನಮ್ಮ ಸೀಮೆಯಲ್ಲಿ ಏನನ್ನು ತೋರಿಸಬೇಕೆಂದು ಯಾರೂ ಯೋಚಿಸುತ್ತ ಕೂರುವುದಿಲ್ಲ. ಬೇಲೂರು, ಹಳೇಬೀಡು ಎಂಬ ಎರಡು ಹೆಸರುಗಳು ನಾಲಿಗೆಯ ತುದಿಯಲ್ಲೇ ಇರುತ್ತವೆ. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಎರಡು ಊರುಗಳ ದೇವಾಲಯಗಳನ್ನು ಸೋಮನಾಥಪುರದ ದೇವಾಲಯದೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ನಮ್ಮ ಹೆಮ್ಮೆ ಇಮ್ಮಡಿಸಿದೆ. ನೀವೂ ಮನೆಮಂದಿಯೊಡನೆ ಬೇಲೂರಿಗೆ ಹೋಗಿರುತ್ತೀರಿ; ದರ್ಪಣ ಸುಂದರಿಯ ಮುಂದೆ ನಿಂತು ತಲೆದೂಗಿರುತ್ತೀರಿ. ಆದರೆ ಆ ಮದನಿಕೆಯರ ಪಾದದ ಬಳಿ, ಪೀಠದ ಮೇಲೆ ಕೊರೆದಿರುವ ಸಣ್ಣ ಅಕ್ಷರಗಳನ್ನು ಗಮನಿಸಿದ್ದೀರಾ?

ಅವು ಶಿಲ್ಪಿಗಳ ಹೆಸರುಗಳು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಈ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಿಂದ ದೂರದ ಸೋಮನಾಥಪುರದವರೆಗೆ ದುಡಿದ. ಅರಸರ ಹೆಸರು ದೊಡ್ಡ ಶಾಸನಗಳಲ್ಲಿದೆ. ಉಳಿ ಹಿಡಿದವರ ಹೆಸರು ವಿಗ್ರಹದ ಬುಡದಲ್ಲಿದೆ. ಅದನ್ನು ಓದಬೇಕಾದರೆ ನೋಡುವವನು ಸ್ವಲ್ಪ ಬಾಗಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು.

ಚಲನಚಿತ್ರವನ್ನು ಪ್ರೀತಿಸುವ ನಾನು ಇಂದು ನಿಮ್ಮೊಡನೆ ಅಂತಹುದೇ ಹೆಸರುಗಳ ಕುರಿತು ಮಾತನಾಡಬಯಸುತ್ತೇನೆ. ಚಿತ್ರದ ಆರಂಭದ ಹೆಸರುಪಟ್ಟಿಯಲ್ಲಿ ತಾರೆಯರು ಮೊದಲು ಬರುತ್ತಾರೆ, ನಿರ್ದೇಶಕರು ಕಟ್ಟಕಡೆಗೆ ಬರುತ್ತಾರೆ. ಆ ಹೊತ್ತಿಗೆ ನಾವು ಜಾಗ ಹುಡುಕುತ್ತಲೋ ಕಡಲೆಕಾಯಿ ಬಿಡಿಸುತ್ತಲೋ ಇರುತ್ತೇವೆ. ನನಗೆ ಪ್ರಿಯರಾದ ಕೆಲವು ನಿರ್ದೇಶಕರು ಯಾರು, ಅವರು ಏಕೆ ಪ್ರಿಯರು, ಅವರಲ್ಲಿ ನನಗೆ ಒಪ್ಪಿಗೆಯಾಗದ್ದೇನು ಎಂಬುದೇ ಈ ಲೇಖನದ ವಿಷಯ.

ಒಬ್ಬನ ಹೆಸರಿನಲ್ಲಿ ಹಲವರ ದುಡಿಮೆ

ಬೇಲೂರಿನ ಕಥೆಯನ್ನೇ ಹೇಳುವ ಒಂದು ಚಿತ್ರ ನಮ್ಮಲ್ಲಿದೆ. 1964ರಲ್ಲಿ ಬಿ. ಎಸ್. ರಂಗಾ ಅವರು ನಿರ್ದೇಶಿಸಿದ 'ಅಮರಶಿಲ್ಪಿ ಜಕಣಾಚಾರಿ' ಪೂರ್ಣಪ್ರಮಾಣದಲ್ಲಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ. ಕಲ್ಯಾಣ್‌ಕುಮಾರ್ ಜಕಣಾಚಾರಿಯಾಗಿ, ಬಿ. ಸರೋಜಾದೇವಿಯವರು ನಾಯಕಿಯಾಗಿ ನಟಿಸಿದರು. ಮಗನಾದ ಡಂಕಣನು ತಂದೆ ಕಡೆದ ವಿಗ್ರಹದಲ್ಲಿ ದೋಷ ಕಂಡುಹಿಡಿಯುವುದು, ಕಲ್ಲಿನೊಳಗಿಂದ ಕಪ್ಪೆ ಹೊರಬರುವುದು, ಕಪ್ಪೆ ಚೆನ್ನಿಗರಾಯನ ಐತಿಹ್ಯ, ಇವೆಲ್ಲ ನಮ್ಮ ಹಾಸನ ಸೀಮೆಯ ಅಜ್ಜಿಯರು ಹೇಳುತ್ತಿದ್ದ ಕಥೆಗಳೇ. ರಂಗಾ ಅವರು ಮೂಲತಃ ಛಾಯಾಗ್ರಾಹಕರು. ಬಣ್ಣದ ಮೇಲೆ ಅವರಿಗಿದ್ದ ಹಿಡಿತವನ್ನು ಇಂದಿಗೂ ಮೆಚ್ಚಬೇಕು.

ಆದರೆ ಒಂದು ವಿಚಾರವನ್ನು ಗಮನಿಸಿ. ಜಕಣಾಚಾರಿಯ ಹೆಸರಿಗೆ ಶಾಸನಗಳಲ್ಲಿ ಖಚಿತವಾದ ಆಧಾರ ದೊರೆತಿಲ್ಲ. ಅಕ್ಷರದಲ್ಲಿ ಹೆಸರು ಬಿಟ್ಟುಹೋದ ದಾಸೋಜ, ಚಾವಣ, ಮಲ್ಲಿತಮ್ಮರನ್ನು ಜನ ಮರೆತರು. ಅವರೆಲ್ಲರ ದುಡಿಮೆಯನ್ನೂ ಐತಿಹ್ಯದ ಒಬ್ಬ ನಾಯಕನ ಹೆಗಲಿಗೇರಿಸಿದರು. ಚಿತ್ರಗಳ ವಿಷಯದಲ್ಲಿಯೂ ನಾವು ಇದನ್ನೇ ಮಾಡುತ್ತೇವೆ. 'ರಾಜ್‌ಕುಮಾರ್ ಚಿತ್ರ', 'ವಿಷ್ಣುವರ್ಧನ್ ಚಿತ್ರ' ಎಂದು ಕರೆಯುತ್ತೇವೆ. ಕಥೆ ಬರೆದವರು, ಕ್ಯಾಮೆರಾ ಹಿಡಿದವರು, ಎಲ್ಲವನ್ನೂ ಒಂದು ನೋಟಕ್ಕೆ ತಂದು ನಿಲ್ಲಿಸಿದ ನಿರ್ದೇಶಕರು, ಇವರೆಲ್ಲ ಆ ಒಂದು ಹೆಸರಿನ ಹಿಂದೆ ಮರೆಯಾಗುತ್ತಾರೆ.

ನಿರ್ದೇಶಕರ ಕೆಲಸವಾದರೂ ಏನು? ಸರಳವಾಗಿ ಹೇಳುವುದಾದರೆ, ನಾವು ಯಾರನ್ನು ನೋಡಬೇಕು, ಎಷ್ಟು ಹತ್ತಿರದಿಂದ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದನ್ನು ನಿರ್ಧರಿಸುವವರು ಅವರು. ಒಂದು ಮನೆಯಲ್ಲಿ ಜಗಳವಾಗುತ್ತಿದೆ ಎಂದಿಟ್ಟುಕೊಳ್ಳಿ. ಕೂಗಾಡುವ ಯಜಮಾನನನ್ನು ತೋರಿಸಬಹುದು, ಬಾಗಿಲ ಸಂದಿಯಲ್ಲಿ ನಿಂತ ಮಗುವನ್ನೂ ತೋರಿಸಬಹುದು. ಮಾತು ಅದೇ, ಜಗಳ ಅದೇ. ಆದರೆ ನಮ್ಮ ಮನಸ್ಸಿನಲ್ಲಿ ಉಳಿಯುವ ಕಥೆ ಬೇರೆಯಾಗುತ್ತದೆ. ಊರು ಪಕ್ಕಕ್ಕೆ ತಳ್ಳಿದ ಮನುಷ್ಯನ ಮೇಲೆ ಯಾರ ನೋಟ ನಿಲ್ಲುತ್ತದೆಯೋ, ಅವನನ್ನು ಕನಿಕರದ ಗೊಂಬೆಯಾಗಿಸದೆ ಮನುಷ್ಯನಾಗಿಯೇ ಉಳಿಸುತ್ತದೆಯೋ, ಅಂತಹವರೇ ನನ್ನ ಮೆಚ್ಚಿನ ನಿರ್ದೇಶಕರು. ಈ ಅಳತೆಗೋಲನ್ನು ಹಿಡಿದೇ ಮುಂದಿನ ಮಾತುಗಳನ್ನು ಹೇಳುತ್ತೇನೆ.

ಹೆಗಲು ಕೊಡದ ಊರು

ಮೊದಲನೆಯವರು ಸಿದ್ದಲಿಂಗಯ್ಯ (1936-2015). 1972ರಲ್ಲಿ ತೆರೆಕಂಡ ಅವರ 'ಬಂಗಾರದ ಮನುಷ್ಯ'ವನ್ನು ತಿಳಿಯದ ಕನ್ನಡ ಕುಟುಂಬವಿಲ್ಲ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ಆ ಚಿತ್ರವನ್ನು ನೋಡಿ ಓದಿದ ಯುವಕರು ಹೊಲಕ್ಕೆ ಮರಳಿದರೆಂದು ಹಿರಿಯರು ಹೇಳುತ್ತಾರೆ. ನನಗೂ ಆ ಚಿತ್ರ ಇಷ್ಟವೇ. ಆದರೆ ಅದರ ನಾಯಕ ರಾಜೀವನಲ್ಲಿ ದೋಷವೇ ಇಲ್ಲ. ದೋಷವಿಲ್ಲದವನನ್ನು ಗೌರವಿಸಬಹುದು, ಅವನಲ್ಲಿ ನಮ್ಮನ್ನು ನಾವು ಕಾಣುವುದು ಕಷ್ಟ.

ಆದುದರಿಂದ ಅವರ 1974ರ 'ಭೂತಯ್ಯನ ಮಗ ಅಯ್ಯು' ನನಗೆ ಇನ್ನೂ ಹತ್ತಿರದ್ದು. ಇದರ ಮೂಲಕಥೆ ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರಿನ ಸಮೀಪದ ಕಳಸಾಪುರದಲ್ಲಿ. ಹೀಗಾಗಿ ಕಥೆಯೂ ನೆಲವೂ ನಮ್ಮವೇ. ಬಡವರ ಜಮೀನನ್ನು ಬಡ್ಡಿಯ ಲೆಕ್ಕದಲ್ಲಿ ನುಂಗುತ್ತ ಬಂದ ಭೂತಯ್ಯನಾಗಿ ಎಂ. ಪಿ. ಶಂಕರ್, ಅವನ ಮಗ ಅಯ್ಯುವಾಗಿ ಲೋಕೇಶ್, ಅವರ ಮನೆತನದ ಮೇಲೆ ಹಗೆ ಸಾಧಿಸುವ ಗುಳ್ಳನಾಗಿ ವಿಷ್ಣುವರ್ಧನ್ ನಟಿಸಿದ್ದಾರೆ. ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಮುಂದೆ ಬರುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಸಾವಿನ ಗಂಟೆ ಕೇಳಿದೊಡನೆ ಜಗಳವಾಡಿದವರೂ ಬಂದು ಅಂಗಳದಲ್ಲಿ ನಿಲ್ಲುವುದನ್ನು ಕಂಡವರಿಗೆ ಆ ಸನ್ನಿವೇಶದ ಭಯಾನಕತೆ ಚೆನ್ನಾಗಿ ಅರ್ಥವಾಗುತ್ತದೆ. ತಂದೆ ಬಿಟ್ಟುಹೋದ ಆಸ್ತಿಯ ಜೊತೆಗೆ ಊರಿನ ಶಾಪವೂ ತನಗೇ ಬಂದಿದೆಯೆಂದು ಅಯ್ಯು ಆ ದಿನ ಅರಿಯುತ್ತಾನೆ.

ಇಲ್ಲಿ ಸಿದ್ದಲಿಂಗಯ್ಯನವರು ಮಾಡಿದ ಕೆಲಸವನ್ನು ನೋಡಿ. ಸುಲಭದ ದಾರಿಯಲ್ಲಿ ಅಯ್ಯು ಖಳನಾಗಬೇಕಿತ್ತು, ಗುಳ್ಳ ನಾಯಕನಾಗಬೇಕಿತ್ತು. ಹಾಗಾಗದೆ, ಬದಲಾಗಲು ಹೊರಟ ಅಯ್ಯುವನ್ನು ಊರು ನಂಬುವುದಿಲ್ಲ; ನ್ಯಾಯಕ್ಕಾಗಿ ಹೊರಟ ಗುಳ್ಳನ ಹಟವೂ ನಿಧಾನವಾಗಿ ದ್ವೇಷವಾಗುತ್ತದೆ. ಅನ್ಯಾಯಕ್ಕೆ ಒಳಗಾದವನು ಕೂಡ ಅನ್ಯಾಯ ಮಾಡಬಲ್ಲ ಎಂಬ ಕಹಿಯಾದ ಸತ್ಯವನ್ನು ಅವರು ಯಾರನ್ನೂ ಹೀಯಾಳಿಸದೆ ತೋರಿಸುತ್ತಾರೆ. ಕೊನೆಗೆ ಪ್ರವಾಹ ಊರನ್ನೇ ನುಂಗಲು ಬಂದಾಗ ಹಗೆಯೂ ಕೊಚ್ಚಿಹೋಗುತ್ತದೆ. ಆಸ್ತಿಯ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವ ಮನೆಗಳು ನಮ್ಮ ನಡುವೆ ಎಷ್ಟಿಲ್ಲ? ಕ್ಷಮೆಯ ಕುರಿತ ಉಪದೇಶವನ್ನು ಕೇಳಿ ಮನೆಗೆ ಮರಳುವವರಿಗೆ, ಕ್ಷಮೆ ಎಷ್ಟು ದುಬಾರಿಯಾದುದೆಂದು ಈ ಚಿತ್ರ ಹೇಳುತ್ತದೆ. ನಾನು ಇದನ್ನು ಮತ್ತೆ ಮತ್ತೆ ನೋಡುವುದು ಆ ಕಾರಣಕ್ಕಾಗಿ.

ಎಲ್ಲರ ಕಣ್ಣುಗಳ ನಡುವೆ ಒಬ್ಬಳು

ಎರಡನೆಯವರು ಪುಟ್ಟಣ್ಣ ಕಣಗಾಲ್ (1933-1985). ಬಿ. ಆರ್. ಪಂತುಲು ಅವರ ಬಳಿ ಕೆಲಸ ಕಲಿತ ಇವರು 1967ರ 'ಬೆಳ್ಳಿಮೋಡ'ದಿಂದ ಕನ್ನಡದಲ್ಲಿ ನಿರ್ದೇಶಕರಾದರು. ನಟರ ಹೆಸರಿಗೆ ಬದಲಾಗಿ ನಿರ್ದೇಶಕರ ಹೆಸರನ್ನು ನೋಡಿ ಜನ ಚಿತ್ರಮಂದಿರಕ್ಕೆ ಬರುವಂತೆ ಮಾಡಿದ ಕೀರ್ತಿ ಕನ್ನಡದಲ್ಲಿ ಮುಖ್ಯವಾಗಿ ಇವರದು. ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದ ಲೇಖಕಿಯರ ಕಾದಂಬರಿಗಳನ್ನು ತೆರೆಗೆ ತಂದು, ಅಡುಗೆಮನೆಯ ಗೋಡೆಗಳ ನಡುವೆ ನಡೆಯುವುದನ್ನೂ ಕಥೆಯೆಂದು ಒಪ್ಪಿಸಿದವರು ಅವರು.

1971ರ 'ಶರಪಂಜರ'ವನ್ನು ಇಂದಿಗೂ ಪ್ರತಿ ಕುಟುಂಬವೂ ನೋಡಬೇಕೆಂದು ನನ್ನ ಆಶೆ. ಹೆರಿಗೆಯ ಅನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ವಾಸಿಯಾಗಿದೆ. ಆದರೆ ಗಂಡ, ನೆರೆಹೊರೆ, ಆಳುಕಾಳುಗಳು ಯಾರೂ ಅವಳನ್ನು ಮೊದಲಿನಂತೆ ನೋಡುವುದಿಲ್ಲ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಆ ಕಣ್ಣುಗಳೇ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತವೆ. ಕಲ್ಪನಾ ಅವರ ಅಭಿನಯವನ್ನು ಎಲ್ಲರೂ ಹೊಗಳುತ್ತಾರೆ; ಅದು ಹೊಗಳಿಕೆಗೆ ಅರ್ಹವೇ. ಆದರೆ ನೋಡುವ ಕಣ್ಣುಗಳನ್ನೇ ಶರಗಳನ್ನಾಗಿ ಕಾಣಿಸಿದುದು ನಿರ್ದೇಶಕರ ಪ್ರತಿಭೆ. ಮಾನಸಿಕ ಅಸ್ವಸ್ಥತೆಯನ್ನು ಇಂದಿಗೂ ನಾವು ಮನೆತನದ ಗುಟ್ಟಾಗಿ ಬಚ್ಚಿಡುತ್ತೇವೆ, ಮದುವೆಯ ಮಾತುಕತೆಯಲ್ಲಿ ತಗ್ಗಿದ ದನಿಯಲ್ಲಿ ವಿಚಾರಿಸುತ್ತೇವೆ. ಅರ್ಧ ಶತಮಾನದ ಹಿಂದೆಯೇ ಈ ಚಿತ್ರವು ನಮ್ಮತ್ತ ಬೊಟ್ಟುಮಾಡಿ, ರೋಗಿಯನ್ನು ಮತ್ತೆ ರೋಗಿಯಾಗಿಸುವವರು ಯಾರೆಂದು ಕೇಳಿತ್ತು.

ಪುಟ್ಟಣ್ಣನವರಲ್ಲಿ ಅತಿರೇಕವಿಲ್ಲವೆಂದು ನಾನು ಹೇಳಲಾರೆ. ಒಂದು ಸಂಕೇತ ಸಾಕಾಗುವಲ್ಲಿ ಮೂರನ್ನು ಇಡುತ್ತಾರೆ. ಕಣ್ಣೀರು ತಾನಾಗಿ ಬರುವ ಮುನ್ನವೇ ವಾದ್ಯಗಳು ಅಳತೊಡಗುತ್ತವೆ. ಆದರೂ ಅವರ ಉತ್ತಮ ಚಿತ್ರಗಳಲ್ಲಿ ಹೆಣ್ಣಿಗೆ ಅವಳದೇ ಆದ ಮಾತು ಇರುತ್ತದೆ. 'ಬೆಳ್ಳಿಮೋಡ'ದ ಇಂದಿರೆ ತನ್ನ ಆಸ್ತಿಯನ್ನು ಬಯಸಿ ಬಂದು, ಆಸ್ತಿ ಕೈತಪ್ಪಿದಾಗ ದೂರ ಸರಿದವನನ್ನು ಕಷ್ಟದಲ್ಲಿ ಆರೈಕೆ ಮಾಡುತ್ತಾಳೆ. ಆದರೆ ಅವನು ಮತ್ತೆ ಕೈ ಚಾಚಿದಾಗ ಒಪ್ಪುವುದಿಲ್ಲ. ಸೇವೆಗೂ ಶರಣಾಗತಿಗೂ ಇರುವ ವ್ಯತ್ಯಾಸವನ್ನು ಇಷ್ಟು ಗೌರವದಿಂದ ಹೇಳಿದ ಚಿತ್ರಗಳು ಕಡಿಮೆ.

ಮಾರ್ಗರೆಟ್ಟಳ ಕುರಿತು ಒಂದು ಪ್ರಶ್ನೆ

ಇಷ್ಟು ಮೆಚ್ಚಿದ ಮೇಲೆಯೇ ಒಂದು ಆಕ್ಷೇಪವನ್ನೂ ಮುಂದಿಡಬೇಕು. 1972ರ 'ನಾಗರಹಾವು' ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಸೇರಿಸಿ ಹೆಣೆದ ಚಿತ್ರ. ಚಿತ್ರದುರ್ಗದ ಕಲ್ಲುಬಂಡೆಗಳು, ವಿಷ್ಣುವರ್ಧನ್ ಅವರ ರಾಮಾಚಾರಿ, ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು, ಇವರನ್ನು ಕನ್ನಡಿಗರು ಮರೆಯಲಾರರು. ಆ ಕಥೆಯಲ್ಲಿ ಮಾರ್ಗರೆಟ್ ಎಂಬ ಕ್ರೈಸ್ತ ಯುವತಿಯೂ ಇದ್ದಾಳೆ. ನಟಿ ಶುಭಾ ಆ ಪಾತ್ರವನ್ನು ವಹಿಸಿದ್ದಾರೆ.

ಕನ್ನಡ ಚಿತ್ರಗಳಲ್ಲಿ ನಮ್ಮ ಸಮುದಾಯದ ಹುಡುಗಿ ಇಷ್ಟು ಮುಖ್ಯ ಪಾತ್ರವಾಗಿ ಬಂದುದು ಅಪರೂಪವೇ. ಆದರೆ ಅವಳು ಬಂದ ರೀತಿ ಹೇಗೆ? ಗಿಡ್ಡ ಉಡುಪು, ಬಿಗುಮಾನವಿಲ್ಲದ ನಡೆ, ಊರಿನ ಹುಡುಗಿಯರಿಗಿಲ್ಲದ ಸಲಿಗೆ, ಈ ಗುರುತುಗಳಿಂದಲೇ ಅವಳು ನಮಗೆ ಪರಿಚಯವಾಗುತ್ತಾಳೆ. ಮತಭೇದವನ್ನು ಮೀರಿದ ಪ್ರೀತಿಯನ್ನು ಊರು ಸಹಿಸದೆ ಹೋದುದೇ ಕಥೆಯ ದುರಂತ. ಆ ದುರಂತವನ್ನು ಪುಟ್ಟಣ್ಣನವರು ಮುಚ್ಚಿಡುವುದಿಲ್ಲ. ಆದರೆ ರಾಮಾಚಾರಿಯ ಸಿಟ್ಟಿಗೆ, ಚಾಮಯ್ಯ ಮೇಷ್ಟ್ರ ಸಂಕಟಕ್ಕೆ ಅವರು ಕೊಟ್ಟ ಸಮಯವನ್ನು ಮಾರ್ಗರೆಟ್ಟಳ ಒಳಮನಸ್ಸಿಗೆ ಕೊಡಲಿಲ್ಲ. ಕಾವೇರಿಯ ಒಳಗನ್ನು ಅಷ್ಟು ಆಳವಾಗಿ ಬಲ್ಲ ನಿರ್ದೇಶಕರು ಮಾರ್ಗರೆಟ್ಟಳನ್ನು ಹೊರಗಿನಿಂದಲೇ ನೋಡಿದರು.

ಇದರ ಪರಿಣಾಮ ಸಣ್ಣದೇನಲ್ಲ. ಮುಂದಿನ ದಶಕಗಳ ಎಷ್ಟೋ ಅಗ್ಗದ ಚಿತ್ರಗಳಲ್ಲಿ ಕ್ರೈಸ್ತ ಹೆಣ್ಣು ಎಂದರೆ ಕ್ಲಬ್ಬಿನ ನರ್ತಕಿ, ಕ್ರೈಸ್ತ ಗಂಡು ಎಂದರೆ ಕುಡುಕ ಎಂಬ ಅಚ್ಚು ತಯಾರಾಯಿತು. ಅರಸೀಕೆರೆಯಲ್ಲಿ ರೈಲ್ವೆ ಕೆಲಸ ಮಾಡಿ ಮನೆ ನಡೆಸಿದವರು, ಬೇಲೂರು ಸೀಮೆಯ ಕಾಫಿ ತೋಟಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಾಯಂದಿರು, ಹಳ್ಳಿ ಶಾಲೆಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರುಗಳು ಆ ತೆರೆಯ ಮೇಲೆ ಕಾಣಲೇ ಇಲ್ಲ. ಆದರೂ 'ನಾಗರಹಾವ'ನ್ನು ಬಹಿಷ್ಕರಿಸಬೇಕೆಂದು ನಾನು ಹೇಳಲಾರೆ. ಅದು ದೊಡ್ಡ ಚಿತ್ರ. ಮಕ್ಕಳೊಡನೆ ಕುಳಿತು ನೋಡಿ, ಮುಗಿದ ಮೇಲೆ ಮಾರ್ಗರೆಟ್ಟಳ ಕುರಿತು ಮಾತನಾಡಿ. ಪ್ರೀತಿಸುವ ಚಿತ್ರವನ್ನು ಪ್ರಶ್ನಿಸುವುದನ್ನು ಮಕ್ಕಳು ನಮ್ಮಿಂದಲೇ ಕಲಿಯಬೇಕು.

ತಡವಾಗಿ ಬಂದ ಹಣ, ಮುಳುಗಿದ ಮನೆ

ಮೂರನೆಯವರು ಗಿರೀಶ ಕಾಸರವಳ್ಳಿ. 1950ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಇವರ 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಎಂಬ ನಾಲ್ಕು ಚಿತ್ರಗಳು ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆದಿವೆ. ಇವರ ಚಿತ್ರಗಳು ನಿಧಾನ, ಅರ್ಥವಾಗುವುದಿಲ್ಲ ಎಂದು ದೂರುವವರಿದ್ದಾರೆ. ನಿಧಾನವೆಂಬುದು ನಿಜ. ಹಳೇಬೀಡಿನ ಹೊರಗೋಡೆಯ ಪಟ್ಟಿಕೆಗಳನ್ನು ಓಡುತ್ತ ನೋಡಿದವನಿಗೆ ಆನೆಗಳ ಸಾಲೊಂದೇ ಕಾಣುತ್ತದೆ; ನಿಂತು ನೋಡಿದವನಿಗೆ ಒಂದು ಆನೆಯಂತೆ ಇನ್ನೊಂದಿಲ್ಲವೆಂದು ತಿಳಿಯುತ್ತದೆ. ಕಾಸರವಳ್ಳಿಯವರು ಕೇಳುವುದು ಅಂತಹ ನಿಲುಗಡೆಯನ್ನು.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ 'ಘಟಶ್ರಾದ್ಧ' (1977) ಚಿತ್ರದಲ್ಲಿ, ಗರ್ಭಿಣಿಯಾದ ಯುವ ವಿಧವೆ ಯಮುನೆಗೆ ಅವಳು ಬದುಕಿರುವಾಗಲೇ ತಂದೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾನೆ. ಇದನ್ನು ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಅವನಿಗೆ ಪಾಪ, ಮಡಿ, ಬಹಿಷ್ಕಾರ ಎಂಬ ಮಾತುಗಳ ಅರ್ಥ ತಿಳಿಯದು. ತನ್ನನ್ನು ಅಕ್ಕರೆಯಿಂದ ನೋಡಿಕೊಂಡವಳು ಒಬ್ಬಂಟಿಯಾದಳೆಂಬುದು ಮಾತ್ರ ತಿಳಿಯುತ್ತದೆ. ಆ ಒಂದು ಆಯ್ಕೆಯಿಂದ ನಿರ್ದೇಶಕರು ತೀರ್ಪುಗಾರನ ಪೀಠದಿಂದ ನಮ್ಮನ್ನು ಕೆಳಗಿಳಿಸಿ, ಮಗುವಿನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಈ ಚಿತ್ರದ ಪುನರುಜ್ಜೀವಿತ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಒಂಬತ್ತು ಶತಮಾನ ಉಳಿದ ಕಲ್ಲನ್ನು ನಾವು ಕಾಪಾಡುತ್ತೇವೆ. ಅರ್ಧ ಶತಮಾನಕ್ಕೇ ಹಾಳಾಗತೊಡಗುವ ಚಿತ್ರದ ಸುರುಳಿಗೂ ಅಂತಹ ಆರೈಕೆ ಬೇಕೆಂಬುದನ್ನು ಇದು ನೆನಪಿಸುತ್ತದೆ.

ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಬಂದುದು 1986ರ 'ತಬರನ ಕಥೆ'. ಜೀವನವಿಡೀ ಸರಕಾರವನ್ನು ನಂಬಿ ಸೇವೆ ಸಲ್ಲಿಸಿದ ತಬರನು ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ. ಹಣ ಬರುವ ಹೊತ್ತಿಗೆ ಅವಳು ಇಲ್ಲ. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಈ ಚಿತ್ರದಲ್ಲಿ ದುಷ್ಟನೆಂದು ಬೆರಳು ತೋರಲು ಒಬ್ಬನೂ ಸಿಗುವುದಿಲ್ಲವೆಂಬುದನ್ನು ಗಮನಿಸಬೇಕು. ಪ್ರತಿಯೊಬ್ಬ ಗುಮಾಸ್ತನೂ ತನ್ನ ನಿಯಮವನ್ನು ಪಾಲಿಸಿದ್ದಾನೆ. ಎಲ್ಲರೂ ಪಾಲಿಸಿದ್ದರ ಒಟ್ಟು ಮೊತ್ತವಾಗಿ ಒಬ್ಬ ಹೆಂಗಸು ಸತ್ತಿದ್ದಾಳೆ. ವೃದ್ಧಾಪ್ಯ ವೇತನಕ್ಕಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈ ಚಿತ್ರಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇನ್ನು 2002ರ 'ದ್ವೀಪ'. ಇದು ಸಾಗರದ ನಾ. ಡಿಸೋಜ ಅವರ ಕಾದಂಬರಿ. ಶರಾವತಿ ಯೋಜನೆಯಲ್ಲಿ ಉದ್ಯೋಗಿಯಾಗಿದ್ದು, ಮುಳುಗಡೆಯ ಜನರ ಸಂಕಟವನ್ನು ಹತ್ತಿರದಿಂದ ಕಂಡು ಬರೆದ ಡಿಸೋಜ ಅವರು 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಕನ್ನಡ ಕ್ರೈಸ್ತ ಕುಟುಂಬಗಳು ಅಭಿಮಾನಪಡಬೇಕಾದ ಲೇಖಕರವರು. ಅಣೆಕಟ್ಟಿನ ನೀರು ಏರುತ್ತಿರುವಾಗ ಊರೆಲ್ಲ ಪರಿಹಾರ ಪಡೆದು ಹೊರಟಿದೆ; ಗುಡ್ಡದ ಮೇಲಿನ ಒಂದು ಕುಟುಂಬ ಮಾತ್ರ ಉಳಿದಿದೆ. ಗಣಪಯ್ಯ ಹಿಂಜರಿಯುವಾಗ ಅವನ ಹೆಂಡತಿ ನಾಗಿ ನೀರಿನೊಡನೆ, ಕತ್ತಲೆಯೊಡನೆ ಹೋರಾಡಿ ಬದುಕನ್ನು ಉಳಿಸುತ್ತಾಳೆ. ನೀರು ಇಳಿದಾಗ ಗಂಡ ಎಲ್ಲವನ್ನೂ ದೇವರ ಕೃಪೆಯೆಂದು ಹೇಳಿ ಅವಳ ಶ್ರಮವನ್ನು ಕಾಣದೆ ಹೋಗುತ್ತಾನೆ. ಚಿತ್ರವನ್ನು ತಾವೇ ನಿರ್ಮಿಸಿ ನಾಗಿಯಾಗಿ ನಟಿಸಿದ ಸೌಂದರ್ಯ ಅವರ ಮುಖ ಆ ಗಳಿಗೆಯಲ್ಲಿ ನೋಡಬೇಕು. ದೇವರಿಗೆ ಕೃತಜ್ಞತೆ ಹೇಳುವ ಭರದಲ್ಲಿ ಮನೆಯಲ್ಲಿ ದುಡಿದವಳಿಗೆ ಕೃತಜ್ಞತೆ ಹೇಳದಿರುವ ಅಭ್ಯಾಸ ಗಣಪಯ್ಯನ ಮನೆಗೆ ಮಾತ್ರ ಸೇರಿದ್ದಲ್ಲ.

ಈ ಚಿತ್ರವನ್ನು ನೋಡುವಾಗ ನನಗೆ ನಮ್ಮ ಶೆಟ್ಟಿಹಳ್ಳಿ ನೆನಪಾಗದೆ ಇರದು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತ ಆ ದೇವಾಲಯ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ದೂರದಿಂದ ಬಂದವರು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಆ ಗೋಡೆಗಳ ನಡುವೆ ಜ್ಞಾನಸ್ನಾನ ಪಡೆದವರು, ಹೊಲ ಬಿಟ್ಟು ಬೇರೆಡೆಗೆ ಹೊರಟವರು ಆ ಚಿತ್ರಗಳಲ್ಲಿ ಇರುವುದಿಲ್ಲ. ಭಗ್ನವಾದ ಕಟ್ಟಡದ ಚೆಲುವನ್ನು ತೋರಿಸುವುದು ಸುಲಭ; ಹೊರಟುಹೋದ ಮನುಷ್ಯರನ್ನು ತೋರಿಸುವುದಕ್ಕೆ 'ದ್ವೀಪ'ದಂತಹ ಚಿತ್ರ ಬೇಕು.

2008ರ 'ಗುಲಾಬಿ ಟಾಕೀಸ್' ಚಿತ್ರದ ನಾಯಕಿಯಂತೂ ನಮ್ಮಂತೆಯೇ ಸಿನಿಮಾ ಹುಚ್ಚಿನವಳು. ವೈದೇಹಿಯವರ ಕಥೆಯಿಂದ ಬಂದ ಈ ಗುಲಾಬಿ ಮೀನುಗಾರರ ಊರಿನ ಮುಸ್ಲಿಂ ಸೂಲಗಿತ್ತಿ. ಅವಳ ಮನೆಗೆ ದೂರದರ್ಶನ ಪೆಟ್ಟಿಗೆ ಬಂದಾಗ ನೆರೆಯ ಹೆಂಗಸರೆಲ್ಲ ಭೇದವಿಲ್ಲದೆ ಬಂದು ಸೇರುತ್ತಾರೆ. ಮುಂದೆ ಊರಿನಲ್ಲಿ ಮತದ್ವೇಷ ಹಬ್ಬಿದಾಗ, ಅದೇ ಊರಿನ ಮಕ್ಕಳನ್ನು ತನ್ನ ಕೈಯಿಂದ ಭೂಮಿಗೆ ತಂದವಳು ಪರಕೀಯಳಾಗುತ್ತಾಳೆ. ಉಮಾಶ್ರೀ ಅವರಿಗೆ ಈ ಪಾತ್ರ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ತಂದಿತು. ಮಾರ್ಗರೆಟ್ಟಳಿಗೆ ದೊರೆಯದಿದ್ದುದು ಗುಲಾಬಿಗೆ ದೊರೆಯಿತು. ಅಲ್ಪಸಂಖ್ಯಾತ ಸಮುದಾಯದ ಹೆಣ್ಣೊಬ್ಬಳನ್ನು ಒಳಗಿನಿಂದ ನೋಡಿದ ಕನ್ನಡ ಚಿತ್ರವಿದು.

ದೊಡ್ಡ ಪಟ್ಟಿ, ಸಣ್ಣ ಮನುಷ್ಯ

ಚಲನಚಿತ್ರಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಚಿತ್ರಗಳ ಒಂದು ಪಟ್ಟಿಯನ್ನು ಹೊರತಂದಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ಹದಿನೈದು ಹದಿನೈದು ಚಿತ್ರಗಳು. ಮೌಲ್ಯಗಳ ವಿಭಾಗದಲ್ಲಿ ಇಟಲಿಯ ವಿಟ್ಟೋರಿಯೊ ಡಿ ಸಿಕಾ ಅವರ 1948ರ 'ಬೈಸಿಕಲ್ ಥೀವ್ಸ್' ಇದೆ. ಗೋಡೆಗೆ ಭಿತ್ತಿಪತ್ರ ಹಚ್ಚುವ ಬಡವನ ಸೈಕಲ್ ಕಳುವಾಗುತ್ತದೆ. ಪುಟ್ಟ ಮಗನೊಡನೆ ಊರೆಲ್ಲ ಹುಡುಕಿ ಸೋತವನು ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಮಗನ ಕಣ್ಣೆದುರಿಗೇ ಸಿಕ್ಕಿಬೀಳುತ್ತಾನೆ. ಅವಮಾನದಿಂದ ಕುಗ್ಗಿದ ತಂದೆಯ ಕೈಯನ್ನು ಆ ಮಗು ಹಿಡಿದುಕೊಳ್ಳುತ್ತದೆ. ಇದೇ ಚಿತ್ರವನ್ನು ಲಂಡನ್ನಿನಲ್ಲಿ ನೋಡಿದ ಸತ್ಯಜಿತ್ ರಾಯ್ ಅವರು ಸ್ಫೂರ್ತಿಗೊಂಡು 1955ರಲ್ಲಿ 'ಪಥೇರ್ ಪಾಂಚಾಲಿ'ಯನ್ನು ಕೊಟ್ಟರು.

ಆ ಪಟ್ಟಿ ಗೌರವಾರ್ಹವಾದುದು. ಆದರೆ ಅದರಲ್ಲಿ ಭಾರತೀಯ ನಿರ್ದೇಶಕರ ಒಂದು ಚಿತ್ರವೂ ಇಲ್ಲ. ರಾಯ್ ಅವರದೂ ಇಲ್ಲ. ರೋಮಿನ ಆ ತಂದೆಗೂ ನಮ್ಮ ತಬರನಿಗೂ ನಾನು ಹೆಚ್ಚಿನ ಅಂತರವನ್ನು ಕಾಣೆ. ಇಬ್ಬರೂ ಸಣ್ಣ ಮನುಷ್ಯರು, ಇಬ್ಬರೂ ದೊಡ್ಡ ಊರಿನ ಅವಸರದಲ್ಲಿ ಕೇಳುವವರಿಲ್ಲದೆ ನಿಂತವರು. ನಮ್ಮ ಮೌಲ್ಯಗಳನ್ನು ಹೇಳುವ ಚಿತ್ರಗಳನ್ನು ಗುರುತಿಸಿ ಪಟ್ಟಿ ಮಾಡುವ ಕೆಲಸವನ್ನು ನಮ್ಮ ಪರವಾಗಿ ದೂರದವರು ಮಾಡಲಾರರು. ಅದನ್ನು ನಾವೇ ಮಾಡಬೇಕು.

ಅಂತಹ ಪಟ್ಟಿಗೆ ಈಚಿನ ಒಂದು ಹೆಸರನ್ನೂ ಸೇರಿಸುತ್ತೇನೆ. ನಟೇಶ್ ಹೆಗಡೆ ಎಂಬ ಯುವ ನಿರ್ದೇಶಕರ 'ಪೆದ್ರೊ' 2021ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಮಲೆನಾಡಿನ ಹಳ್ಳಿಯಲ್ಲಿ ವಿದ್ಯುತ್ ಕೆಲಸ ಮಾಡಿಕೊಂಡಿರುವ ಪೆದ್ರೊ ಎಂಬ ಕ್ರೈಸ್ತನು ಆಕಸ್ಮಿಕವಾಗಿ ಹಸುವೊಂದರ ಸಾವಿಗೆ ಕಾರಣನಾಗುತ್ತಾನೆ. ಊರು ಅವನ ಮೇಲೆ ತಿರುಗಿಬೀಳುತ್ತದೆ. ಆ ಪಾತ್ರದಲ್ಲಿ ನಟಿಸಿದವರು ನಿರ್ದೇಶಕರ ತಂದೆಯವರೇ. ಪೆದ್ರೊ ಸಂತನಲ್ಲ, ಕುಡಿಯುತ್ತಾನೆ, ಮಾತು ಕಡಿಮೆ, ಎಲ್ಲರಿಗೂ ಇಷ್ಟವಾಗುವಂಥವನೂ ಅಲ್ಲ. ಕುಡುಕ ಕ್ರೈಸ್ತನೆಂಬ ಹಳೆಯ ಅಚ್ಚು ಇಲ್ಲಿಯೂ ಇದೆಯಲ್ಲ ಎಂದು ನೀವು ಕೇಳಬಹುದು. ವ್ಯತ್ಯಾಸವಿರುವುದು ನೋಟದಲ್ಲಿ. ಅಗ್ಗದ ಚಿತ್ರಗಳು ಆ ಕುಡುಕನನ್ನು ನಗೆಪಾಟಲು ಮಾಡಿ ಮುಂದೆ ಸಾಗುತ್ತಿದ್ದವು. ಇಲ್ಲಿ ಕ್ಯಾಮೆರಾ ಅವನ ಜೊತೆಗೇ ಮಳೆಯಲ್ಲಿ, ಕಾಡಿನಲ್ಲಿ ನಡೆಯುತ್ತದೆ. ಅವನ ಭಯ ಏನೆಂದು ನಮಗೆ ತಿಳಿಯುತ್ತದೆ. ಮಾರ್ಗರೆಟ್ಟಳಿಂದ ಪೆದ್ರೊವರೆಗೆ ಬರಲು ಕನ್ನಡ ಚಿತ್ರಕ್ಕೆ ಸುಮಾರು ಐವತ್ತು ವರ್ಷ ಹಿಡಿಯಿತು.

ಮನೆಯೊಳಗಿನ ಮಾತು

ಓದುಗರೇ, ಈಗ ಚಿತ್ರ ನೋಡಲು ಊರಿಗೆ ಟೂರಿಂಗ್ ಟಾಕೀಸ್ ಬರುವವರೆಗೆ ಕಾಯಬೇಕಾಗಿಲ್ಲ. ಕೈಯಲ್ಲಿರುವ ಫೋನಿನಲ್ಲಿಯೇ ಎಲ್ಲವೂ ಸಿಗುತ್ತದೆ. ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರ ನೋಡುತ್ತಾರೆ. ಸಿಗುವುದು ಹೆಚ್ಚಿದೆ, ಜೊತೆಯಾಗಿ ನೋಡುವುದು ಕಡಿಮೆಯಾಗಿದೆ. ಚಿತ್ರ ಮುಗಿದ ಮೇಲೆ ನಡೆಯುವ ಮಾತುಕತೆ ಬಹುತೇಕ ನಿಂತೇಹೋಗಿದೆ.

ಆದುದರಿಂದ ನನ್ನದೊಂದು ವಿನಂತಿ. ತಿಂಗಳಿಗೆ ಒಂದು ಸಂಜೆಯಾದರೂ ಮನೆಮಂದಿಯೆಲ್ಲ ಕುಳಿತು ಒಂದು ಒಳ್ಳೆಯ ಚಿತ್ರವನ್ನು ನೋಡಿ. ಈ ತಿಂಗಳು 'ಭೂತಯ್ಯನ ಮಗ ಅಯ್ಯು'ವಿನಿಂದ ಆರಂಭಿಸಬಹುದು. ಹೆಸರುಪಟ್ಟಿ ಬರುವಾಗ ನಿರ್ದೇಶಕರ ಹೆಸರನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಮುಗಿದ ಮೇಲೆ ನಾಯಕ ಯಾರೆಂದು ಕೇಳುವ ಬದಲು, ಊರಿನವರು ದೂರ ಸರಿದಾಗಲೂ ಈ ನಿರ್ದೇಶಕರು ಯಾರ ಪಕ್ಕದಲ್ಲಿ ನಿಂತರು, ಯಾರನ್ನು ಮರೆತರು ಎಂದು ಕೇಳಿ. ಮಕ್ಕಳ ಉತ್ತರ ನಿಮ್ಮ ಉತ್ತರಕ್ಕಿಂತ ಬೇರೆಯಾಗಿರಬಹುದು. ಆಗ ವಾದ ಮಾಡಿ. ರಾತ್ರಿಯೂಟ ಸ್ವಲ್ಪ ತಡವಾದರೂ ಚಿಂತೆಯಿಲ್ಲ.